ಗಾಲ್ಫ್ ಸಲಕರಣೆಗಳ ನಿಯಮಗಳು: ವೃತ್ತಿಪರರಿಗೂ ಹವ್ಯಾಸಿಗಳಿಗೂ ಒಂದೇ ಅಳತೆ ಏಕೆ?

ಗಾಲ್ಫ್ ಚೆಂಡು ಎಷ್ಟು ತೂಗಬೇಕು, ಕ್ಲಬ್ ಎಂದು ಕರೆಯಲಾಗುವ ಕೋಲು ಎಷ್ಟು ಉದ್ದವಿರಬೇಕು, ಆ ಕೋಲಿನ ಮುಖ ಚೆಂಡನ್ನು ಎಷ್ಟರಮಟ್ಟಿಗೆ ಪುಟಿಸಬಹುದು ಎಂಬುದನ್ನು ಗೊತ್ತುಪಡಿಸುವ ಕಟ್ಟಳೆಗಳೇ ಸಲಕರಣೆಗಳ ನಿಯಮಗಳು. ಇವುಗಳನ್ನು ಎರಡು ಸಂಸ್ಥೆಗಳು ಜೊತೆಯಾಗಿ ರೂಪಿಸುತ್ತವೆ. ಒಂದು, ಸ್ಕಾಟ್ಲೆಂಡಿನ ಸೇಂಟ್ ಆಂಡ್ರ್ಯೂಸ್‌ನಲ್ಲಿರುವ ಆರ್ ಅಂಡ್ ಎ. ಇನ್ನೊಂದು, 1894ರಲ್ಲಿ ಸ್ಥಾಪನೆಯಾದ ಅಮೆರಿಕದ ಗಾಲ್ಫ್ ಸಂಸ್ಥೆ ಯುಎಸ್‌ಜಿಎ. ಕೋಟಿಗಟ್ಟಲೆ ಬಹುಮಾನಕ್ಕಾಗಿ ಆಡುವ ವೃತ್ತಿಪರರಿಗೂ ವಾರಕ್ಕೊಮ್ಮೆ ಸಂತೋಷಕ್ಕಾಗಿ ಆಡುವ ಹವ್ಯಾಸಿಗಳಿಗೂ ಒಂದೇ ನಿಯಮಪುಸ್ತಕವಿರುವುದು ಈ ಆಟದ ವಿಶೇಷ. ಅದರ ಬಲವೂ ಅಲ್ಲಿದೆ, ಬಹುಕಾಲದ ವಿವಾದವೂ ಅಲ್ಲಿದೆ.

ಮುಖ್ಯ ಅಳತೆಗಳು

ಚೆಂಡಿನ ತೂಕ 45.93 ಗ್ರಾಂ ಮೀರುವಂತಿಲ್ಲ. ಅದರ ವ್ಯಾಸ 42.67 ಮಿಲಿಮೀಟರಿಗಿಂತ ಕಡಿಮೆ ಇರುವಂತಿಲ್ಲ. ಭಾರವಾದ ಸಣ್ಣ ಚೆಂಡು ಗಾಳಿಯನ್ನು ಸುಲಭವಾಗಿ ಸೀಳಿಕೊಂಡು ಹೋಗುವುದರಿಂದ ತೂಕಕ್ಕೆ ಮೇಲಿನ ಮಿತಿಯನ್ನೂ ಗಾತ್ರಕ್ಕೆ ಕೆಳಗಿನ ಮಿತಿಯನ್ನೂ ಇಟ್ಟಿದ್ದಾರೆ. ಬ್ರಿಟನ್ನಿನಲ್ಲಿ ಬಹುಕಾಲ ಇದಕ್ಕಿಂತ ಚಿಕ್ಕದಾದ ಚೆಂಡು ಚಾಲ್ತಿಯಲ್ಲಿತ್ತು. ಇಡೀ ಜಗತ್ತಿಗೆ ಒಂದೇ ಗಾತ್ರ ಎಂದಾದದ್ದು 1990ರಲ್ಲಿ.

ಒಬ್ಬ ಆಟಗಾರ ಒಂದು ಸುತ್ತಿನಲ್ಲಿ ಹದಿನಾಲ್ಕಕ್ಕಿಂತ ಹೆಚ್ಚು ಕೋಲುಗಳನ್ನು ಒಯ್ಯುವಂತಿಲ್ಲ. ಅಮೆರಿಕದಲ್ಲಿ 1938ರಲ್ಲಿ, ಬ್ರಿಟನ್ನಿನಲ್ಲಿ 1939ರಲ್ಲಿ ಈ ಮಿತಿ ಬಂತು. ಪಟರ್ ಹೊರತು ಉಳಿದ ಕೋಲುಗಳ ಉದ್ದ 48 ಇಂಚು ದಾಟಬಾರದು. ದೂರ ಹೊಡೆಯಲು ಬಳಸುವ ಡ್ರೈವರ್‌ನ ತಲೆಯ ಗಾತ್ರಕ್ಕೆ 460 ಘನ ಸೆಂಟಿಮೀಟರಿನ ಮಿತಿಯಿದೆ.

ಡ್ರೈವರ್ ಮುಖದ ಪುಟಿತಕ್ಕೂ ಮಿತಿಯಿದೆ. ಡಿಕ್ಕಿಗೆ ಮುನ್ನ ಎರಡು ವಸ್ತುಗಳು ಒಂದನ್ನೊಂದು ಸಮೀಪಿಸುವ ವೇಗಕ್ಕೂ, ಡಿಕ್ಕಿಯ ಬಳಿಕ ದೂರ ಸರಿಯುವ ವೇಗಕ್ಕೂ ಇರುವ ಪ್ರಮಾಣವನ್ನು ಪ್ರೌಢಶಾಲೆ ಮುಗಿಸಿದ ಮಕ್ಕಳು ಭೌತಶಾಸ್ತ್ರದಲ್ಲಿ ಕಲಿಯುತ್ತಾರೆ. ಸಂಪೂರ್ಣ ಸ್ಥಿತಿಸ್ಥಾಪಕ ಡಿಕ್ಕಿಯಲ್ಲಿ ಇದು 1. ಡ್ರೈವರ್‌ಗೆ ವಿಧಿಸಿದ ಮಿತಿ ಸುಮಾರು 0.83. ಇದನ್ನು ಪರೀಕ್ಷಿಸಲು ಲೋಲಕಕ್ಕೆ ಕಟ್ಟಿದ ಉಕ್ಕಿನ ಗುಂಡನ್ನು ಡ್ರೈವರ್‌ನ ಮುಖಕ್ಕೆ ತಾಗಿಸಿ, ಅದು ಎಷ್ಟು ಹೊತ್ತು ಅಂಟಿಕೊಂಡಿರುತ್ತದೆ ಎಂದು ಅಳೆಯುತ್ತಾರೆ. ವಿನಾಯಿತಿಯೂ ಸೇರಿ ಮಿತಿ 257 ಮೈಕ್ರೊಸೆಕೆಂಡ್. ಮುಖ ತೆಳುವಾದಷ್ಟೂ ಈ ಅವಧಿ ಹೆಚ್ಚುತ್ತದೆ, ಚೆಂಡೂ ವೇಗವಾಗಿ ಚಿಮ್ಮುತ್ತದೆ.

ವೃತ್ತಿಪರರ ಮೇಲಿನ ಪರಿಣಾಮ

ವೃತ್ತಿಪರ ಆಟಗಾರನಿಗೆ ಒಂದು ಹೊಡೆತದ ಅಂತರವೆಂದರೆ ಜೀವನೋಪಾಯದ ಅಂತರ. 2001ರ ಓಪನ್ ಚಾಂಪಿಯನ್‌ಷಿಪ್‌ನ ಕೊನೆಯ ದಿನ ಇಯಾನ್ ವೂಸ್ನಮ್ ಅಗ್ರಸ್ಥಾನದ ಪೈಪೋಟಿಯಲ್ಲಿದ್ದರು. ಎರಡನೆಯ ಕುಳಿಯ ಆಟ ಆರಂಭಿಸುವಾಗ ಅವರ ಚೀಲದಲ್ಲಿ ಹದಿನೈದನೆಯ ಕೋಲೊಂದು ಇರುವುದು ಪತ್ತೆಯಾಯಿತು. ಅದರಿಂದ ಅವರು ಒಂದೂ ಹೊಡೆತ ಹೊಡೆದಿರಲಿಲ್ಲ. ಆದರೂ ಎರಡು ಹೊಡೆತಗಳ ದಂಡ ಬಿತ್ತು. ಕೊನೆಗೆ ಅವರು ಮೂರನೆಯ ಸ್ಥಾನವನ್ನು ಇತರರೊಂದಿಗೆ ಹಂಚಿಕೊಳ್ಳಬೇಕಾಯಿತು.

ಪುಟಿತದ ನಿಯಮವಂತೂ ಇನ್ನೂ ಸೂಕ್ಷ್ಮ. ಸಾವಿರಾರು ಬಲವಾದ ಹೊಡೆತಗಳ ಬಳಿಕ ಡ್ರೈವರ್‌ನ ಮುಖ ಸವೆದು ಇನ್ನಷ್ಟು ತೆಳುವಾಗುತ್ತದೆ. ಖರೀದಿಸಿದಾಗ ನಿಯಮಬದ್ಧವಾಗಿದ್ದ ಕೋಲು ಆಟಗಾರನ ತಪ್ಪಿಲ್ಲದೆಯೇ ಮಿತಿ ದಾಟಬಹುದು. 2025ರ ಪಿಜಿಎ ಚಾಂಪಿಯನ್‌ಷಿಪ್‌ಗೆ ಮುನ್ನ ನಡೆದ ಪರೀಕ್ಷೆಯಲ್ಲಿ ರೋರಿ ಮೆಕಿಲ್‌ರಾಯ್ ಮತ್ತು ಸ್ಕಾಟಿ ಶೆಫ್ಲರ್ ಇಬ್ಬರ ಡ್ರೈವರ್‌ಗಳೂ ಅನುತ್ತೀರ್ಣವಾದವು. ಶೆಫ್ಲರ್ ಬದಲಿ ಕೋಲು ಹಿಡಿದೇ ಆ ಪಂದ್ಯಾವಳಿಯನ್ನು ಗೆದ್ದರು.

ಹವ್ಯಾಸಿಗಳ ಮೇಲಿನ ಪರಿಣಾಮ

ಹವ್ಯಾಸಿಯ ಕೋಲನ್ನು ಯಾರೂ ಲೋಲಕಕ್ಕೆ ಒಡ್ಡುವುದಿಲ್ಲ. ಅವನಿಗೆ ನಿಯಮದ ಬಿಸಿ ತಟ್ಟುವುದು ಜೇಬಿನ ಮೂಲಕ. ನಿಯಮ ಬದಲಾದರೆ ಕೈಯಲ್ಲಿರುವ ಸಲಕರಣೆ ಬಳಕೆಗೆ ಬಾರದಂತಾಗುತ್ತದೆ, ಹೊಸದಕ್ಕೆ ಹಣ ತೆರಬೇಕಾಗುತ್ತದೆ. ಆದ್ದರಿಂದ ಹವ್ಯಾಸಿಗಳ ದೃಷ್ಟಿಯಿಂದ ನಿಯಮದಷ್ಟೇ ಮುಖ್ಯವಾದುದು ಅದಕ್ಕೆ ಕೊಡುವ ಕಾಲಾವಕಾಶ.

ಕೋಲುಮುಖದ ಗೀರುಗಳ ಪ್ರಕರಣ ಇದಕ್ಕೆ ಉತ್ತಮ ನಿದರ್ಶನ. ಈ ಗೀರುಗಳು ಹುಲ್ಲು ಮತ್ತು ನೀರನ್ನು ಒಳಗೆಳೆದುಕೊಂಡು ಚೆಂಡಿಗೆ ಹಿಮ್ಮುಖ ತಿರುಗುವಿಕೆ ನೀಡಲು ನೆರವಾಗುತ್ತವೆ. ಚೂಪು ಅಂಚಿನ ಆಳವಾದ ಗೀರುಗಳಿದ್ದರೆ ಉದ್ದ ಹುಲ್ಲಿನಿಂದ ಹೊಡೆದ ಚೆಂಡೂ ಬಿದ್ದಲ್ಲೇ ನಿಲ್ಲುತ್ತದೆ. ಗುರಿ ತಪ್ಪಿ ಹೊಡೆದವನಿಗೆ ಅದರ ಫಲ ತಗಲುವುದೇ ಇಲ್ಲ. ಹೀಗಾಗಿ ಗೀರುಗಳ ಗಾತ್ರ ಮತ್ತು ಚೂಪನ್ನು ತಗ್ಗಿಸುವ ನಿಯಮವನ್ನು 2010ರಲ್ಲಿ ಉನ್ನತ ಮಟ್ಟದ ಪಂದ್ಯಗಳಿಗೆ ಜಾರಿಗೊಳಿಸಿದರು. ಸಾಮಾನ್ಯ ಆಟಗಾರರು ಹಳೆಯ ಕೋಲುಗಳನ್ನು ಕನಿಷ್ಠ 2024ರವರೆಗೆ ಬಳಸಬಹುದೆಂದು ಆಗಲೇ ತಿಳಿಸಿದ್ದರು. ಗುರಿ ಒಂದೇ, ಆದರೆ ಹೊರೆ ಹೊರಲು ಬಲವಿದ್ದವರಿಗೆ ಮೊದಲು, ಇಲ್ಲದವರಿಗೆ ನಿಧಾನವಾಗಿ.

2022ರಿಂದ ಉನ್ನತ ಪಂದ್ಯಗಳ ಸಂಘಟಕರು ಬಯಸಿದಲ್ಲಿ ಕೋಲಿನ ಉದ್ದವನ್ನು 46 ಇಂಚಿಗೆ ಇಳಿಸಬಹುದು. ಇದು ಹವ್ಯಾಸಿಗಳನ್ನು ಮುಟ್ಟುವುದಿಲ್ಲ. ವಿಕಲಚೇತನರಿಗೆ ಅಗತ್ಯವಾದ ಮಾರ್ಪಾಟುಗಳು 2023ರಲ್ಲಿ 25ನೆಯ ನಿಯಮವಾಗಿ ಮುಖ್ಯ ನಿಯಮಪುಸ್ತಕದಲ್ಲೇ ಸ್ಥಾನ ಪಡೆದವು.

ಚೆಂಡಿನ ದೂರದ ವಿವಾದ

ಆಟಗಾರರ ದೇಹಬಲ, ತರಬೇತಿ, ತಂತ್ರಜ್ಞಾನ ಮೂರೂ ಸೇರಿ ಚೆಂಡು ಬೀಳುವ ದೂರ ಹೆಚ್ಚುತ್ತಲೇ ಬಂದಿದೆ. ಅದಕ್ಕೆ ತಕ್ಕಂತೆ ಮೈದಾನಗಳು ಹಿಗ್ಗಬೇಕಾಗಿದೆ. ಅಮೆರಿಕದ ಆಗಸ್ಟಾ ಮೈದಾನದ ಪ್ರಸಿದ್ಧ ಹದಿಮೂರನೆಯ ಕುಳಿಯನ್ನು 2023ರಲ್ಲಿ 35 ಗಜದಷ್ಟು ಉದ್ದಗೊಳಿಸಿದರು. ಮೈದಾನ ಉದ್ದವಾದಷ್ಟೂ ನೆಲ, ನೀರು, ನಿರ್ವಹಣೆಯ ವೆಚ್ಚ ಎಲ್ಲವೂ ಏರುತ್ತವೆ.

2023ರ ಮಾರ್ಚ್‌ನಲ್ಲಿ ಎರಡೂ ಸಂಸ್ಥೆಗಳು ಉನ್ನತ ಪಂದ್ಯಗಳಿಗೆ ಮಾತ್ರ ಬೇರೆ ಚೆಂಡು ಎಂಬ ಪ್ರಸ್ತಾವ ಮುಂದಿಟ್ಟವು. ವೃತ್ತಿಪರರ ಪಿಜಿಎ ಟೂರ್ ಮತ್ತು ಚೆಂಡು ತಯಾರಕರು ಅದನ್ನು ವಿರೋಧಿಸಿದರು. ಅದೇ ಡಿಸೆಂಬರ್‌ನಲ್ಲಿ ಎಲ್ಲರಿಗೂ ಒಂದೇ ಚೆಂಡು ಎಂಬ ನಿರ್ಣಯ ಹೊರಬಿತ್ತು. ಅದರಂತೆ, ಗಂಟೆಗೆ 125 ಮೈಲಿ ವೇಗದಲ್ಲಿ ಹೊಡೆದಾಗಲೂ ಚೆಂಡು, ವಿನಾಯಿತಿ ಸೇರಿ, 320 ಗಜ ಮೀರಬಾರದು. ಹಿಂದೆ ಈ ಪರೀಕ್ಷೆ ನಡೆಯುತ್ತಿದ್ದುದು 120 ಮೈಲಿ ವೇಗದಲ್ಲಿ. ಜಾರಿಗೆ ಆಗ ಸೂಚಿಸಿದ ವರ್ಷ ವೃತ್ತಿಪರರಿಗೆ 2028, ಹವ್ಯಾಸಿಗಳಿಗೆ 2030.

ಇದರ ಪರಿಣಾಮ ಎಲ್ಲರ ಮೇಲೂ ಸಮನಾಗಿ ಬೀಳುವುದಿಲ್ಲ. ಸಂಸ್ಥೆಗಳ ಅಂದಾಜಿನಂತೆ ಅತಿ ದೂರ ಹೊಡೆಯುವವರಿಗೆ 13ರಿಂದ 15 ಗಜ, ಸರಾಸರಿ ವೃತ್ತಿಪರ ಪುರುಷರಿಗೆ 9ರಿಂದ 11, ವೃತ್ತಿಪರ ಮಹಿಳೆಯರಿಗೆ 5ರಿಂದ 7, ಬಹುತೇಕ ಹವ್ಯಾಸಿಗಳಿಗೆ 5 ಗಜ ಅಥವಾ ಅದಕ್ಕಿಂತ ಕಡಿಮೆ ದೂರ ತಗ್ಗುತ್ತದೆ. ದೂರಕ್ಕಿಂತ ನಿಖರತೆಯನ್ನು ನೆಚ್ಚಿ ಆಡುವವರಿಗೆ ಇದರಿಂದ ನಷ್ಟ ಅಲ್ಪ. ಬೆಂಗಳೂರಿನ ಅದಿತಿ ಅಶೋಕ್ 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ದೂರದ ಹೊಡೆತಗಳಲ್ಲಿ ಹಿಂದಿದ್ದರೂ ಕುಳಿಯ ಬಳಿಯ ಆಟದ ಬಲದಿಂದಲೇ ನಾಲ್ಕನೆಯ ಸ್ಥಾನಕ್ಕೇರಿದ್ದನ್ನು ಇಲ್ಲಿ ನೆನೆಯಬಹುದು.

ಒಂದೇ ನಿಯಮವೇ, ಎರಡೇ?

ಇತರ ಆಟಗಳಲ್ಲಿ ಎರಡೂ ಬಗೆ ಇದೆ. ಅಮೆರಿಕದ ಬೇಸ್‌ಬಾಲ್‌ನಲ್ಲಿ ವೃತ್ತಿಪರರಿಗೆ ಮರದ ಬ್ಯಾಟು ಕಡ್ಡಾಯ, ವಿದ್ಯಾರ್ಥಿಗಳು ಲೋಹದ್ದನ್ನು ಬಳಸಬಹುದು. ಕ್ರಿಕೆಟ್‌ನಲ್ಲಿ 2017ರಿಂದ ಬ್ಯಾಟಿನ ಅಂಚು 40 ಮಿಲಿಮೀಟರ್ ಮೀರಬಾರದು, ಮಧ್ಯದ ದಪ್ಪ 67 ಮಿಲಿಮೀಟರ್ ಮೀರಬಾರದು.

ಗಾಲ್ಫ್‌ನಲ್ಲಿ ಒಂದೇ ನಿಯಮ ಬೇಕೆನ್ನುವವರ ವಾದಕ್ಕೆ ಆಧಾರ ಹ್ಯಾಂಡಿಕ್ಯಾಪ್ ಪದ್ಧತಿ. ದುರ್ಬಲ ಆಟಗಾರನಿಗೆ ಅವನ ಮಟ್ಟಕ್ಕೆ ತಕ್ಕಷ್ಟು ಹೊಡೆತಗಳ ರಿಯಾಯಿತಿ ಕೊಟ್ಟು ಬಲಿಷ್ಠನ ಎದುರು ಸಮಬಲದಲ್ಲಿ ನಿಲ್ಲಿಸುವ ಕ್ರಮವಿದು. 2020ರಿಂದ ಇದಕ್ಕೆ ಜಾಗತಿಕ ಪದ್ಧತಿಯೊಂದು ಚಾಲ್ತಿಗೆ ಬಂದಿದೆ. ಸಲಕರಣೆಯ ಅಳತೆ ಬೇರೆಬೇರೆಯಾದರೆ ಈ ಹೋಲಿಕೆಯ ತಳಪಾಯವೇ ಅಲುಗುತ್ತದೆ. ಕೆಲವೇ ನೂರು ಮಂದಿಯ ಬಲವನ್ನು ತಡೆಯಲು ಕೋಟ್ಯಂತರ ಜನರ ಚೆಂಡನ್ನು ಬದಲಿಸಬೇಕೇ ಎಂಬುದು ಎದುರು ಪಕ್ಷದ ಪ್ರಶ್ನೆ. ನಮ್ಮ ಅಭಿಪ್ರಾಯದಲ್ಲಿ ಅಳತೆ ಒಂದೇ ಇರಲಿ; ಆದರೆ ಅದನ್ನು ಪಾಲಿಸಲು ಬೇಕಾದ ಕಾಲಾವಕಾಶ ಅವರವರ ಶಕ್ತಿಗೆ ತಕ್ಕಂತಿರಲಿ. ಗೀರುಗಳ ನಿಯಮ ತೋರಿದ ದಾರಿ ಅದೇ.

ಪಾಲಕರ ಗಮನಕ್ಕೆ

ಊಟಿ, ವೆಲ್ಲಿಂಗ್ಟನ್ ಕಡೆಯ ನಮ್ಮ ಕುಟುಂಬಗಳಿಗೆ ಗಾಲ್ಫ್ ಮೈದಾನ ಕಣ್ಣಳತೆಯಲ್ಲೇ ಇದೆ. ಮಗು ಆಟ ಕಲಿಯಲು ಬಯಸಿದರೆ ಎರಡು ವಿಷಯಗಳನ್ನು ನೆನಪಿಡಬೇಕು. ಹದಿನಾಲ್ಕು ಎಂಬುದು ಗರಿಷ್ಠ ಮಿತಿಯೇ ಹೊರತು ಕಡ್ಡಾಯ ಸಂಖ್ಯೆಯಲ್ಲ. ನಾಲ್ಕೈದು ಕೋಲುಗಳಿಂದಲೂ ಕಲಿಕೆ ಸಾಗುತ್ತದೆ. ಬಳಸಿದ ಕೋಲನ್ನು ಕಡಿಮೆ ಬೆಲೆಗೆ ಕೊಳ್ಳಬಹುದು, ಆದರೆ ಡ್ರೈವರ್ ಆದರೆ ಅದು ನಿಯಮಬದ್ಧ ಡ್ರೈವರ್‌ಗಳ ಪಟ್ಟಿಯಲ್ಲಿದೆಯೇ ಎಂದು ಮೊದಲು ನೋಡಿಕೊಳ್ಳಬೇಕು. ಪಂದ್ಯದಲ್ಲಿ ನಿಯಮಬಾಹಿರ ಕೋಲಿನಿಂದ ಒಂದೇ ಹೊಡೆತ ಹೊಡೆದರೂ ಶಿಕ್ಷೆ ಅನರ್ಹತೆ. ಮಗುವಿನ ಶ್ರಮ ಕೊಳ್ಳುವವರ ಅಜಾಗರೂಕತೆಯಿಂದ ವ್ಯರ್ಥವಾಗಬಾರದು.