ಗಾಜಿನ ಫಲಕವೂ ಹಿಮದ ಕಣಿವೆಯೂ

1863ರ ಜುಲೈ ತಿಂಗಳ ಕೊನೆಯಲ್ಲಿ ಸಿಮ್ಲೆಯಿಂದ ಸಟ್ಲೆಜ್ ನದಿಯ ಮೇಲ್ಕಣಿವೆಯತ್ತ ಹೊರಟ ಪರಿವಾರವೊಂದನ್ನು ದೂರದಿಂದ ಕಂಡವರು, ಯಾವನೋ ಆಂಗ್ಲ ಅಧಿಕಾರಿ ಬೇಟೆಗೆ ಹೊರಟನೆಂದು ಬಗೆದಿದ್ದರೆ ಅದು ಸಹಜವೇ. ಆದರೆ ಸುಮಾರು 30 ಮಂದಿ ಕೂಲಿಯಾಳುಗಳ ಬೆನ್ನೇರಿದ್ದುವು ಗಾಜಿನ ಫಲಕಗಳು, ರಾಸಾಯನಿಕ ದ್ರವಗಳ ಸೀಸೆಗಳು, ಕತ್ತಲೆಯ ಗುಡಾರ ಮತ್ತು ಕ್ಯಾಮರಾ. ಯಜಮಾನನಾದ ಸ್ಯಾಮ್ಯುಯೆಲ್ ಬೋರ್ನನು ನಾಟಿಂಗ್‌ಹ್ಯಾಮಿನ ಬ್ಯಾಂಕೊಂದರ ಗುಮಾಸ್ತಿಕೆಯನ್ನು ತೊರೆದು ಅದೇ ವರ್ಷ ಕಲ್ಕತ್ತೆಯಲ್ಲಿ ಬಂದಿಳಿದ, ಇನ್ನೂ ಮೂವತ್ತು ತುಂಬದ ತರುಣ.

ಚಿತ್ರ ತೆಗೆಯಲು ಇಷ್ಟು ಹೊರೆಯೇಕೆಂದರೆ, ಆ ವಿದ್ಯೆಯ ಸ್ವರೂಪವೇ ಅಂತಹುದಾಗಿತ್ತು. 1851ರಲ್ಲಿ ಫ್ರೆಡರಿಕ್ ಸ್ಕಾಟ್ ಆರ್ಚರ್ ಪ್ರಕಟಿಸಿದ ಕೊಲೋಡಿಯನ್ ವಿಧಾನದಲ್ಲಿ, ಗಾಜಿನ ಮೇಲೆ ಅಂಟುದ್ರವವನ್ನು ಸಮನಾಗಿ ಹರಿಯಿಸಿ, ಕತ್ತಲೆಯಲ್ಲಿ ಸಿಲ್ವರ್ ನೈಟ್ರೇಟಿನ ದ್ರಾವಣದಲ್ಲಿ ಅದ್ದಿ, ಒದ್ದೆಯಾಗಿರುವಾಗಲೇ ಕ್ಯಾಮರಾದೊಳಗಿಟ್ಟು ಬೆಳಕನ್ನು ತೋರಿಸಿ, ಒಣಗುವುದಕ್ಕೆ ಮೊದಲೇ ಮರಳಿ ಗುಡಾರಕ್ಕೊಯ್ದು ಬಿಂಬವನ್ನು ಮೂಡಿಸಬೇಕಾಗಿತ್ತು. ಆದುದರಿಂದ ಛಾಯಾಗ್ರಾಹಕನು ಎಲ್ಲಿ ನಿಂತನೋ ಅಲ್ಲಿಯೇ ಅವನ ಪ್ರಯೋಗಶಾಲೆಯೂ ನಿಲ್ಲಬೇಕು. 1854ರಲ್ಲಿ ನಮ್ಮ ಬೇಲೂರು ಹಳೇಬೀಡುಗಳ ದೇವಾಲಯಗಳನ್ನು ಚಿತ್ರಿಸಿದ ಲಿನಿಯಸ್ ಟ್ರೈಪನು ಕಾಗದದ ನೆಗೆಟಿವುಗಳನ್ನು ಬಳಸಿದವನಾದುದರಿಂದ ಅವನಿಗೆ ಈ ಧಾವಂತವಿರಲಿಲ್ಲ. ಆದರೆ ಗಾಜು ಕೊಡುವ ವಿವರದ ನಯವನ್ನು ಕಾಗದದ ನಾರು ಕೊಡಲಾರದು. ಗಾಜಿನ ವಿಧಾನಕ್ಕೂ ಒಂದು ಕುಂದಿತ್ತು. ಅದು ನೀಲಿಗೆ ಅತಿಯಾಗಿ ಸ್ಪಂದಿಸುತ್ತಿದ್ದುದರಿಂದ ಆಕಾಶವು ಬರಿದಾಗಿ ಬೆಳ್ಳಗಾಗುತ್ತಿತ್ತು, ಹಸುರು ಕಪ್ಪಿಡುತ್ತಿತ್ತು.

ಬೋರ್ನನ ಬರಹಗಳಲ್ಲಿ ನನ್ನನ್ನು ವಿಶೇಷವಾಗಿ ಸೆಳೆಯುವುದು ಅವನ ನಿರಾಶೆ. ಇಂಗ್ಲೆಂಡಿನ ಸರೋವರ ಪ್ರಾಂತದಲ್ಲಿಯೂ ಸ್ಕಾಟ್ಲೆಂಡಿನ ಬೆಟ್ಟಗಳಲ್ಲಿಯೂ ಪಳಗಿದ ಅವನ ಕಣ್ಣು, ಮುಂದೆ ನೀರು, ನಡುವೆ ಮರ, ಹಿಂದೆ ಗಿರಿ ಎಂಬ ವಿನ್ಯಾಸವನ್ನು ಹಿಮಾಲಯದಲ್ಲಿಯೂ ಅರಸಿತು; ಗಿರಿಶ್ರೇಣಿಯೋ ಅಂತಹ ಚೌಕಟ್ಟಿಗೆ ಒಗ್ಗದಷ್ಟು ವಿಸ್ತಾರವಾಗಿತ್ತು, ಸರೋವರಗಳೋ ಅಲ್ಲಿ ದುರ್ಲಭವಾಗಿದ್ದುವು. 1864ರಲ್ಲಿ ಹೊಕ್ಕ ಕಾಶ್ಮೀರದಲ್ಲಿ ನೀರೂ ಮರವೂ ಅವನ ಮನಸ್ಸಿಗೊಪ್ಪುವಂತೆ ಕೂಡಿ ಬಂದುವು. ಹಿಮಾಲಯವನ್ನು ತನ್ನ ಊರಿನ ಅಳತೆಗೋಲಿನಿಂದ ಅಳೆದವನೆಂದು ನಗುವುದು ಸುಲಭ. ಆದರೆ ಕ್ಯಾಮರಾ ಹಿಡಿಯುವ ಮೊದಲು ಪ್ರಕೃತಿಯ ಸೌಂದರ್ಯದಲ್ಲಿ ಅರ್ಧದಷ್ಟನ್ನೂ ತಾನು ಕಂಡಿರಲಿಲ್ಲವೆಂದು ಲಂಡನ್ನಿನ ಛಾಯಾಗ್ರಹಣ ಪತ್ರಿಕೆಗೆ ಬರೆದವನೂ ಅವನೇ. ಒಂದು ಫಲಕಕ್ಕಾಗಿ ಇಷ್ಟು ಸಿದ್ಧತೆ ಬೇಕಾಗುವಾಗ, ಎಲ್ಲಿ ನಿಲ್ಲಬೇಕೆಂದು ಬಹಳ ಹೊತ್ತು ನೋಡದೆ ಬೇರೆ ಗತಿಯೂ ಇರಲಿಲ್ಲ.

1866ರ ಮೂರನೆಯ ಯಾತ್ರೆಯಲ್ಲಿ ಆಳುಗಳ ಸಂಖ್ಯೆ 80ಕ್ಕೇರಿತು. ಆಹಾರಕ್ಕಾಗಿ ಕುರಿ ಮೇಕೆಗಳನ್ನೂ ಜೊತೆಯಲ್ಲಿಯೇ ಅಟ್ಟಿಕೊಂಡು ಹೋದರು. ಸ್ಪಿತಿಯ ದಾರಿಯಲ್ಲಿ ಸುಮಾರು 18,600 ಅಡಿ ಎತ್ತರದ ಮಣಿರಂಗ್ ಕಣಿವೆಹಾದಿಯನ್ನೇರಿ, ಬೆರಳು ಮರಗಟ್ಟುವ ಚಳಿಯಲ್ಲಿ ಅವನು ಫಲಕಗಳನ್ನು ಸಿದ್ಧಗೊಳಿಸಿ ಚಿತ್ರ ತೆಗೆದನು. ಅದೇ ಯಾತ್ರೆಯಲ್ಲಿ ಗಂಗೋತ್ರಿಯ ಹಿಮನದಿಯನ್ನೂ ಚಿತ್ರಿಸಿದನು.

ಈ ಕೀರ್ತಿಯ ಮಗ್ಗುಲಲ್ಲಿಯೇ ಇನ್ನೊಂದು ಸಂಗತಿಯಿದೆ. ಬಿಟ್ಟಿ ಹೊರೆಯ ಪದ್ಧತಿ ಬೇರೂರಿದ್ದ ಬೆಟ್ಟದ ಸಂಸ್ಥಾನಗಳಲ್ಲಿ ಆಳುಗಳೆಲ್ಲರೂ ಮನಸ್ಸೊಪ್ಪಿ ಬಂದವರಲ್ಲ. ಮೊದಲನೆಯ ಯಾತ್ರೆಯಲ್ಲಿಯೇ ಕೆಲವರು ಹೊರೆಯನ್ನು ಬಿಟ್ಟು ಓಡಿಹೋದರು, ಅವರನ್ನು ಹಿಡಿತರಲು ತಾನು ಬೆತ್ತವನ್ನೆತ್ತಿದುದನ್ನು ಬೋರ್ನನು ಯಾವ ಸಂಕೋಚವೂ ಇಲ್ಲದೆ ಬರೆದಿದ್ದಾನೆ. ಆ ನಿಸ್ಸಂಕೋಚವು ನನಗೆ ಬೆತ್ತಕ್ಕಿಂತಲೂ ಕಠಿನವಾಗಿ ತೋರುತ್ತದೆ. ಚಿತ್ರಗಳಲ್ಲಿ ಆಳುಗಳು ಅಲ್ಲಲ್ಲಿ ಕಾಣುತ್ತಾರೆ, ಬಹುಮಟ್ಟಿಗೆ ಬಂಡೆಯ ಗಾತ್ರವನ್ನು ತೋರಿಸುವುದಕ್ಕಾಗಿ.

1870ರ ಸುಮಾರಿಗೆ ಬೋರ್ನನು ಸ್ವದೇಶಕ್ಕೆ ಹಿಂದಿರುಗಿ, ನಾಟಿಂಗ್‌ಹ್ಯಾಮಿನಲ್ಲಿ ಹತ್ತಿಯ ನೂಲಿನ ಉದ್ಯಮವನ್ನು ಹೂಡಿದನು. ಅವನ ನೆಗೆಟಿವುಗಳು ಭಾರತದಲ್ಲಿಯೇ ಉಳಿದುವು. ಚಾರ್ಲ್ಸ್ ಶೆಪರ್ಡನೊಡನೆ ಕಟ್ಟಿದ ಬೋರ್ನ್ ಅಂಡ್ ಶೆಪರ್ಡ್ ಸಂಸ್ಥೆಯು ಅವುಗಳಿಂದ ಪ್ರತಿಗಳನ್ನು ತೆಗೆದು ಮಾರುತ್ತಲೇ ಇತ್ತು. ಅತ್ತ ಅವನು, ವ್ಯಾಪಾರದ ಬಿಡುವಿನಲ್ಲಿ, ಜಲವರ್ಣದ ಕುಂಚವನ್ನು ಹಿಡಿದಿದ್ದನು.