ನಜೀರ್ ಸಾಬ್ ಬಿಟ್ಟುಹೋದ ಅಮಾನತ್ತು: ನಮ್ಮೂರ ಗ್ರಾಮಸಭೆ

ಪವಿತ್ರ ಕುರ್‌ಆನಿನ 42ನೇ ಅಧ್ಯಾಯದ ಹೆಸರು ಅಶ್ಶೂರಾ. ಅಂದರೆ ಸಮಾಲೋಚನೆ. ಸತ್ಯವಿಶ್ವಾಸಿಗಳ ಗುಣಗಳನ್ನು ಎಣಿಸುವಾಗ ಈ ಅಧ್ಯಾಯವು ಸಮಾಲೋಚನೆಯನ್ನು ನಮಾಝ್ ಮತ್ತು ದಾನದ ನಡುವೆ ಇರಿಸಿದೆ. ಉಹುದ್ ಯುದ್ಧಕ್ಕೆ ಮುನ್ನ ಪ್ರವಾದಿ ಮುಹಮ್ಮದ್(ಸ)ರವರು ಮದೀನಾದ ಒಳಗಿದ್ದುಕೊಂಡೇ ಶತ್ರುವನ್ನು ಎದುರಿಸುವುದು ಲೇಸೆಂದು ಭಾವಿಸಿದ್ದರು. ಆದರೆ ಸಹಾಬಿಗಳಲ್ಲಿ ಹಲವರು, ಅದರಲ್ಲೂ ಯುವಕರು, ಊರ ಹೊರಗೆ ಹೋಗಿ ಹೋರಾಡೋಣ ಎಂದಾಗ ಅದಕ್ಕೆ ಒಪ್ಪಿಕೊಂಡರು. ಆ ಯುದ್ಧದಲ್ಲಿ ಮುಸ್ಲಿಮರಿಗೆ ದೊಡ್ಡ ನಷ್ಟವಾಯಿತು. ಹಾಗಿದ್ದೂ ಅದರ ನಂತರ ಅವತೀರ್ಣವಾದ ಆಲು ಇಮ್ರಾನ್ ಅಧ್ಯಾಯದ ಸೂಕ್ತಗಳು ಸಮಾಲೋಚನೆಯನ್ನು ಬಿಟ್ಟುಬಿಡಿ ಎನ್ನಲಿಲ್ಲ. ಜೊತೆಗಾರರನ್ನು ಕ್ಷಮಿಸಿ, ಅವರೊಂದಿಗೆ ಸಮಾಲೋಚಿಸುತ್ತಲೇ ಇರಬೇಕೆಂದು ಆದೇಶಿಸಿದವು.

ಈ ವಿಷಯವನ್ನು ನಾವು ಜುಮಾ ಖುತ್ಬಾಗಳಲ್ಲಿ ಅನೇಕ ಸಲ ಕೇಳಿದ್ದೇವೆ. ಆದರೆ ನಮ್ಮ ಕರ್ನಾಟಕದಲ್ಲಿಯೇ ಊರಿನ ಜನರನ್ನು ಕೂರಿಸಿ, ಕೇಳಿ, ಕೆಲಸ ಮಾಡುವ ಪದ್ಧತಿಯನ್ನು ಕಾನೂನಾಗಿ ತಂದ ಸಚಿವರೊಬ್ಬರು ನಮ್ಮ ಸಮುದಾಯದವರೇ ಆಗಿದ್ದರೆಂಬುದು ನಮ್ಮ ಮನೆಯ ಎಷ್ಟು ಮಕ್ಕಳಿಗೆ ಗೊತ್ತು? ಗುಂಡ್ಲುಪೇಟೆಯ ಅಬ್ದುಲ್ ನಜೀರ್ ಸಾಬ್ ಅವರ ಹೆಸರು ಹಿರಿಯರಿಗೆ ನೆನಪಿದೆ. ಅವರನ್ನು ಜನ ‘ನೀರ್ ಸಾಬ್’ ಎಂದು ಕರೆಯುತ್ತಿದ್ದರು. ಬರಗಾಲದ ದಿನಗಳಲ್ಲಿ ಹಳ್ಳಿಹಳ್ಳಿಗೆ ಕೊಳವೆಬಾವಿ ಕೊರೆಸಿ, ಕೈಪಂಪು ಹಾಕಿಸಿ ಕುಡಿಯುವ ನೀರು ಕೊಟ್ಟದ್ದಕ್ಕೆ ಜನರೇ ಪ್ರೀತಿಯಿಂದ ಇಟ್ಟ ಹೆಸರದು. ನೀರು ನೆನಪಿದೆ. ಆದರೆ ಅದರಷ್ಟೇ ದೊಡ್ಡ ಇನ್ನೊಂದು ಕೆಲಸವನ್ನು ನಾವು ಮರೆತಿದ್ದೇವೆ.

1983ರ ಜನವರಿಯಲ್ಲಿ ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿಯಾದರು. ರಾಜ್ಯದ ಮೊದಲ ಕಾಂಗ್ರೆಸ್ಸೇತರ ಸರಕಾರವದು. ಅದರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಖಾತೆಯು ನಜೀರ್ ಸಾಬ್ ಅವರಿಗೆ ಸಿಕ್ಕಿತು. ಅಲ್ಲಿಯವರೆಗೆ ರಾಜ್ಯದಲ್ಲಿ 1959ರ ಪಂಚಾಯತ್ ಕಾಯ್ದೆ ಜಾರಿಯಲ್ಲಿತ್ತು. ಊರಲ್ಲಿ ಪಂಚಾಯತ್ ಇತ್ತು, ತಾಲೂಕಿನಲ್ಲಿ ಬೋರ್ಡ್ ಇತ್ತು. ಆದರೆ ಜಿಲ್ಲೆಯಲ್ಲಿ ಜನ ನೇರವಾಗಿ ಆರಿಸಿದ ಸಂಸ್ಥೆ ಇರಲಿಲ್ಲ. ಜಿಲ್ಲಾಮಟ್ಟದ ತೀರ್ಮಾನಗಳು ಜಿಲ್ಲಾಧಿಕಾರಿ ಮತ್ತು ಇಲಾಖೆಗಳ ಅಧಿಕಾರಿಗಳ ಕೈಯಲ್ಲಿದ್ದವು. ಊರಿನ ಶಾಲೆಗೆ ಮೇಷ್ಟ್ರು ಬರದಿದ್ದರೆ, ಆಸ್ಪತ್ರೆಯಲ್ಲಿ ಡಾಕ್ಟರ್ ಇಲ್ಲದಿದ್ದರೆ ಯಾರನ್ನು ಕೇಳಬೇಕು? ಸಾಮಾನ್ಯನಿಗೆ ಸರಕಾರ ಎಂದರೆ ಬೆಂಗಳೂರಿನಲ್ಲಿ ಎಲ್ಲೋ ಇರುವ, ಅರ್ಥವಾಗದ ವಸ್ತುವಾಗಿತ್ತು.

ಇದನ್ನು ಬದಲಾಯಿಸಲು ಬಂದದ್ದೇ ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯತ್‌ಗಳ 1983ರ ಕಾಯ್ದೆ. 1978ರಲ್ಲಿ ಅಶೋಕ್ ಮೆಹ್ತಾ ಸಮಿತಿ ಕೊಟ್ಟಿದ್ದ ಸಲಹೆಗಳು ಅದಕ್ಕೆ ಆಧಾರವಾಗಿದ್ದವು. ರಾಷ್ಟ್ರಪತಿಗಳ ಅಂಕಿತ ದೊರೆತು ಅದು ಜಾರಿಗೆ ಬರುವಾಗ 1985 ಆಯಿತು. 1987ರ ಜನವರಿಯಲ್ಲಿ ಚುನಾವಣೆ ನಡೆಯಿತು. ಎರಡೂವರೆ ಸಾವಿರಕ್ಕೂ ಹೆಚ್ಚು ಮಂಡಲ ಪಂಚಾಯತ್‌ಗಳಿಗೆ ಐವತ್ತು ಸಾವಿರಕ್ಕೂ ಹೆಚ್ಚು ಸದಸ್ಯರು ಆರಿಸಿ ಬಂದರು. ಶೇ. 25ರಷ್ಟು ಸ್ಥಾನಗಳು ಮಹಿಳೆಯರಿಗೆ ಮೀಸಲಾಗಿದ್ದವು. ದೇಶದ ಸಂವಿಧಾನದಲ್ಲಿ ಇಂತಹ ಮೀಸಲಾತಿ ಬರುವುದಕ್ಕೆ ವರ್ಷಗಳ ಮೊದಲೇ ಕರ್ನಾಟಕದ ಸಾವಿರಾರು ಹೆಣ್ಣುಮಕ್ಕಳು ಪಂಚಾಯತ್ ಕುರ್ಚಿಯಲ್ಲಿ ಕುಳಿತರು.

ಜಿಲ್ಲಾ ಪರಿಷತ್ತಿನ ಅಧ್ಯಕ್ಷರಿಗೆ ರಾಜ್ಯ ಸಚಿವರ ಸ್ಥಾನಮಾನ ಕೊಡಲಾಯಿತು. ಹಿರಿಯ ಐಎಎಸ್ ಅಧಿಕಾರಿ ಅವರ ಕೈಕೆಳಗೆ ಮುಖ್ಯ ಕಾರ್ಯದರ್ಶಿಯಾಗಿ ಕೆಲಸ ಮಾಡಬೇಕಾಯಿತು. ಜನ ಆರಿಸಿದವರು ಮೇಲೆ, ಅಧಿಕಾರಿ ಅವರ ಕೆಳಗೆ. ಪ್ರಜಾಪ್ರಭುತ್ವ ಎಂದರೇನು ಎಂದು ಹಳ್ಳಿಯವನಿಗೆ ಇದಕ್ಕಿಂತ ಸರಳವಾಗಿ ಯಾವ ಪಾಠಪುಸ್ತಕ ಹೇಳಬಲ್ಲದು? ಶಾಲೆ, ಆರೋಗ್ಯ ಕೇಂದ್ರ ಮುಂತಾದವು ಜಿಲ್ಲಾ ಪರಿಷತ್ತಿನ ಹೊಣೆಗೆ ಬಂದ ಮೇಲೆ ಶಿಕ್ಷಕರ ಮತ್ತು ವೈದ್ಯರ ಹಾಜರಾತಿ ಸುಧಾರಿಸಿತು ಎಂದು ಅಂದಿನ ಅಧ್ಯಯನಗಳು ಗುರುತಿಸಿದವು. ಕೇಳುವವರು ಹತ್ತಿರ ಬಂದಾಗ ಕೆಲಸ ತಾನಾಗಿ ಚುರುಕಾಗುತ್ತದೆ.

ಈ ಕಾಯ್ದೆಯ ಜೀವ ಗ್ರಾಮಸಭೆಯಲ್ಲಿತ್ತು. ವರ್ಷಕ್ಕೆ ಎರಡು ಬಾರಿ ಊರಿನ ಮತದಾರರೆಲ್ಲರನ್ನು ಕರೆದು, ಏನು ಮಾಡಿದ್ದೇವೆ, ಮುಂದೇನು ಮಾಡಲಿದ್ದೇವೆ ಎಂದು ಅವರ ಮುಂದೆ ಇಡಬೇಕು. ಆರಿಸಿ ಹೋದವನು ಐದು ವರ್ಷ ಕಾಣೆಯಾಗುವಂತಿಲ್ಲ. ಆರು ತಿಂಗಳಿಗೊಮ್ಮೆ ಎದುರು ನಿಂತು ಉತ್ತರ ಹೇಳಬೇಕು.

ಆದರೆ ಆಗಿದ್ದೇನು? ಹೊಸ ವ್ಯವಸ್ಥೆಯನ್ನು ಪರಿಶೀಲಿಸಲು ನೇಮಿಸಿದ್ದ ಕೆ.ಎಸ್. ಕೃಷ್ಣಸ್ವಾಮಿ ಸಮಿತಿ 1989ರಲ್ಲಿ ವರದಿ ಕೊಟ್ಟಿತು. ಗ್ರಾಮಸಭೆಗಳು ಸರಿಯಾಗಿ ನಡೆಯುತ್ತಿಲ್ಲ ಎಂಬುದು ಅದು ಕಂಡ ಕೊರತೆಗಳಲ್ಲೊಂದು. ಜನರ ಪ್ರಶ್ನೆಗಳಿಗೆ ಮುಜುಗರಪಟ್ಟು ಸದಸ್ಯರೇ ಸಭೆಯಿಂದ ದೂರ ಸರಿಯತೊಡಗಿದ್ದರು. ಪ್ರಶ್ನೆ ಕೇಳಿಸಿಕೊಳ್ಳಲು ಯಾರಿಗೂ ಇಷ್ಟವಿರುವುದಿಲ್ಲ. ಅದಕ್ಕೇ ಪ್ರಶ್ನೆ ಕೇಳುವವರು ಬಿಡದೆ ಬರುತ್ತಲೇ ಇರಬೇಕು. ಆ ವೇಳೆಗೆ ನಜೀರ್ ಸಾಬ್ ನಮ್ಮೊಂದಿಗಿರಲಿಲ್ಲ. 1988ರಲ್ಲಿ ಅವರು ಅಲ್ಲಾಹನ ಕರೆಗೆ ಓಗೊಟ್ಟಿದ್ದರು.

ಮುಂದೆ ಅದೇ ದಾರಿಯಲ್ಲಿ ದೇಶವೂ ನಡೆಯಿತು. 1989ರಲ್ಲಿ ರಾಜೀವ್ ಗಾಂಧಿ ಸರಕಾರ ತಂದ 64ನೇ ತಿದ್ದುಪಡಿ ಮಸೂದೆ ರಾಜ್ಯಸಭೆಯಲ್ಲಿ ಸೋತರೂ, 73ನೇ ತಿದ್ದುಪಡಿಯು ಅಂಗೀಕಾರಗೊಂಡು 1993ರ ಏಪ್ರಿಲ್ 24ರಂದು ಜಾರಿಗೆ ಬಂತು. ಪಂಚಾಯತ್ ವ್ಯವಸ್ಥೆ ಸಂವಿಧಾನದ ಭಾಗವಾಯಿತು. ಇನ್ನು ಯಾವ ಸರಕಾರವೂ ಅದನ್ನು ಇಷ್ಟಬಂದಂತೆ ತೆಗೆದುಹಾಕುವಂತಿಲ್ಲ. ಅದೇ ವರ್ಷ ಕರ್ನಾಟಕವು ಹೊಸ ಪಂಚಾಯತ್ ರಾಜ್ ಕಾಯ್ದೆ ತಂದಿತು. ಮಂಡಲ ಪಂಚಾಯತ್ ಹೋಗಿ ಗ್ರಾಮ ಪಂಚಾಯತ್ ಬಂತು. ಮಹಿಳಾ ಮೀಸಲಾತಿ ಮೂರನೇ ಒಂದಕ್ಕೆ ಏರಿ, ಮುಂದೆ ಅರ್ಧಕ್ಕೆ ಬಂದಿದೆ. ಆರಿಸಿ ಬಂದ ಸದಸ್ಯರಿಗೆ ತರಬೇತಿ ಕೊಡುವ ಮೈಸೂರಿನ ರಾಜ್ಯ ಸಂಸ್ಥೆಗೆ ಇಂದು ಅಬ್ದುಲ್ ನಜೀರ್ ಸಾಬ್ ಅವರದೇ ಹೆಸರು.

ಈ ಚರಿತ್ರೆಯನ್ನು ಹೇಳಿ ಹೆಮ್ಮೆಪಟ್ಟು ಸುಮ್ಮನಾಗುವುದು ಸುಲಭ. ನಮ್ಮ ಮಾತು ಅದಲ್ಲ. ಆ ಹಕ್ಕನ್ನು ನಾವು ಬಳಸುತ್ತಿದ್ದೇವೆಯೇ?

ನಮ್ಮಲ್ಲಿ ಅನೇಕರು ಗ್ರಾಮಸಭೆ ಎಂದರೆ ಪಂಚಾಯತ್ ಸದಸ್ಯರ ಸಭೆ ಎಂದುಕೊಂಡಿದ್ದಾರೆ. ಹಾಗಲ್ಲ. ಸಂವಿಧಾನದ 243ನೇ ವಿಧಿಯ ಪ್ರಕಾರ ಊರಿನ ಮತದಾರರ ಪಟ್ಟಿಯಲ್ಲಿ ಹೆಸರಿರುವ ಪ್ರತಿಯೊಬ್ಬರೂ ಗ್ರಾಮಸಭೆಯ ಸದಸ್ಯರೇ. ಅದಕ್ಕಾಗಿ ಚುನಾವಣೆಗೆ ನಿಲ್ಲಬೇಕಿಲ್ಲ, ಪಕ್ಷ ಸೇರಬೇಕಿಲ್ಲ, ಯಾರ ಶಿಫಾರಸೂ ಬೇಕಿಲ್ಲ. ಅಡುಗೆಮನೆಯಲ್ಲಿರುವ ನಮ್ಮ ಉಮ್ಮ, ಅಂಗಡಿಯಲ್ಲಿ ಕೂತಿರುವ ಅಣ್ಣ, ಹದಿನೆಂಟು ತುಂಬಿ ಪಟ್ಟಿಗೆ ಸೇರಿದ ತಂಗಿ, ಎಲ್ಲರೂ ಸದಸ್ಯರು. ಶಾಸಕರನ್ನು ಕಳುಹಿಸಿದ ಮೇಲೆ ವಿಧಾನಸಭೆಯಲ್ಲಿ ನಾವು ಮಾತನಾಡುವಂತಿಲ್ಲ. ಗ್ರಾಮಸಭೆಯಲ್ಲಿ ಮಾತ್ರ ನಮ್ಮ ಮಾತನ್ನು ನಾವೇ ಆಡಬಹುದು.

ಅಲ್ಲಿ ತೀರ್ಮಾನವಾಗುವುದೇನು? ಸರಕಾರಿ ವಸತಿ ಯೋಜನೆಯ ಮನೆ ಯಾರಿಗೆ, ಯಾವ ಗಲ್ಲಿಗೆ ಚರಂಡಿ, ಎಲ್ಲಿ ಬೀದಿದೀಪ, ಎಲ್ಲಿ ನೀರಿನ ಪೈಪು. ಅದಕ್ಕೂ ಮೊದಲು ವಾರ್ಡ್ ಸಭೆ ನಡೆಯುತ್ತದೆ. ಮಹಿಳೆಯರಿಗೆ, ಮಕ್ಕಳಿಗೆ ಪ್ರತ್ಯೇಕ ಗ್ರಾಮಸಭೆಗಳಿವೆ. ವರ್ಷಕ್ಕೊಮ್ಮೆ ಪಂಚಾಯತ್ತಿನ ಲೆಕ್ಕಪತ್ರ ಮತ್ತು ಕಾಮಗಾರಿಗಳನ್ನು ಜನರ ಎದುರು ಪರಿಶೀಲಿಸುವ ಜಮಾಬಂದಿ ಇದೆ. ಬಡ ವಿಧವೆಯ ಹೆಸರು ಮನೆಯ ಪಟ್ಟಿಯಲ್ಲಿ ಬಿಟ್ಟುಹೋಗಿದ್ದರೆ ಅದನ್ನು ಎದ್ದು ಹೇಳಬೇಕಾದ ಜಾಗ ಅದೇ. ಆ ದಿನ ನಾವು ಹೋಗಿರುವುದಿಲ್ಲ. ಆಮೇಲೆ ಮಸೀದಿಯ ಅಂಗಳದಲ್ಲಿ ನಿಂತು ನಮಗೆ ಏನೂ ಸಿಗುವುದಿಲ್ಲ ಎಂದು ಗೊಣಗುತ್ತೇವೆ. ಅನ್ಯಾಯಗಳು ಇಲ್ಲವೆಂದಲ್ಲ. ಆದರೆ ಖಾಲಿ ಕುರ್ಚಿಯ ಪರವಾಗಿ ಯಾರೂ ವಾದಿಸುವುದಿಲ್ಲ.

ಇನ್ನೊಂದು ಮಾತು. ಗ್ರಾಮಸಭೆಯು ಒಂದು ಸಮುದಾಯದ ಸಭೆಯಲ್ಲ, ಇಡೀ ಊರಿನದು. ನಜೀರ್ ಸಾಬ್ ತೋಡಿಸಿದ ಬಾವಿಯ ನೀರನ್ನು ಕುಡಿದವರು ಎಲ್ಲ ಜಾತಿ, ಎಲ್ಲ ಧರ್ಮದವರು. ನಾವೂ ಅಲ್ಲಿಗೆ ಹೋಗುವಾಗ ನಮ್ಮ ಗಲ್ಲಿಯ ಚರಂಡಿಯ ಜೊತೆಗೆ ಪಕ್ಕದ ಕಾಲೋನಿಯ ನೀರಿನ ಬಗ್ಗೆಯೂ ಕೇಳಬೇಕು. ನೆರೆಯವರ ಹಕ್ಕಿನ ಬಗ್ಗೆ ಪ್ರವಾದಿ(ಸ)ರವರು ಕಲಿಸಿದ್ದನ್ನು ಊರಿಗೆ ತೋರಿಸಲು ಇದಕ್ಕಿಂತ ಒಳ್ಳೆಯ ಅವಕಾಶ ಇಲ್ಲ.

ನಮ್ಮ ಜಮಾಅತ್‌ಗಳು ಇದಕ್ಕಾಗಿ ಹೆಚ್ಚೇನೂ ಖರ್ಚು ಮಾಡಬೇಕಿಲ್ಲ. ಗ್ರಾಮಸಭೆಯ ದಿನಾಂಕವನ್ನು ಪಂಚಾಯತ್‌ನಿಂದ ಮೊದಲೇ ತಿಳಿದು ಮಸೀದಿಯ ನೋಟಿಸ್ ಬೋರ್ಡಿನಲ್ಲಿ ಹಾಕಬಹುದು. ಜುಮಾ ನಂತರದ ಪ್ರಕಟಣೆಯಲ್ಲಿ ಹೇಳಬಹುದು. ಓದಿದ ಯುವಕರು ಅರ್ಜಿ ಬರೆದುಕೊಡಲು, ಮತದಾರರ ಪಟ್ಟಿಯಲ್ಲಿ ಹೆಸರು ನೋಡಿಕೊಡಲು ಸಂಜೆಯ ಹೊತ್ತು ಒಂದು ಗಂಟೆ ಕೂರಬಹುದು. ಮದ್ರಸಾದ ದೊಡ್ಡ ಮಕ್ಕಳಿಗೆ ಗ್ರಾಮ, ತಾಲೂಕು, ಜಿಲ್ಲಾ ಪಂಚಾಯತ್‌ಗಳ ಕೆಲಸವೇನು ಎಂದು ಒಂದು ದಿನ ತಿಳಿಸಿಕೊಡಬಹುದು. ನಮ್ಮ ಸ್ತ್ರೀಯರು ಮಹಿಳಾ ಗ್ರಾಮಸಭೆಗೆ ಒಟ್ಟಾಗಿ ಹೋಗಬಹುದು. ಅರ್ಧದಷ್ಟು ಸ್ಥಾನಗಳು ಮಹಿಳೆಯರಿಗಿರುವಾಗ ಅರ್ಹರಾದವರು ಚುನಾವಣೆಗೂ ನಿಲ್ಲಬಹುದು.

ಹಕ್ಕು ಎಂಬುದು ಅಮಾನತ್ತು. ಅದನ್ನು ಬಳಸದೆ ಬಿಟ್ಟರೆ ಹೂಳು ತುಂಬಿದ ಬಾವಿಯಂತಾಗುತ್ತದೆ; ಇದ್ದೂ ಯಾರ ಬಾಯಾರಿಕೆಯೂ ತೀರುವುದಿಲ್ಲ. ಅಲ್ಲಾಹನು ನಜೀರ್ ಸಾಬ್ ಅವರ ಸೇವೆಯನ್ನು ಸ್ವೀಕರಿಸಲಿ. ಊರಿನ ಒಳಿತಿಗಾಗಿ ಎದ್ದು ನಿಂತು ಸತ್ಯ ನುಡಿಯುವ ಧೈರ್ಯವನ್ನೂ, ಇತರರ ಮಾತನ್ನು ತಾಳ್ಮೆಯಿಂದ ಕೇಳುವ ಗುಣವನ್ನೂ ನಮಗೆಲ್ಲರಿಗೂ ಕರುಣಿಸಲಿ. ಆಮೀನ್.