ತ್ರೀಡಿ ಮುದ್ರಿತ ಕಟ್ಟಡ ನಿಜವಾಗಿಯೂ ಪರಿಸರಸ್ನೇಹಿಯೇ?

ಬೆಂಗಳೂರಿನ ಹಲಸೂರು ಬಳಿಯ ಕೇಂಬ್ರಿಡ್ಜ್ ಲೇಔಟ್‌ನಲ್ಲಿ 2023ರ ಆಗಸ್ಟ್‌ನಲ್ಲಿ ಒಂದು ಅಂಚೆ ಕಚೇರಿ ಉದ್ಘಾಟನೆಯಾಯಿತು. 1,021 ಚದರ ಅಡಿಯ ಈ ಕಟ್ಟಡದ ಗೋಡೆಗಳನ್ನು ಇಟ್ಟಿಗೆ ಜೋಡಿಸಿ ಕಟ್ಟಿಲ್ಲ. ಯಂತ್ರವೊಂದು ಕಾಂಕ್ರೀಟನ್ನು ಪದರ ಪದರವಾಗಿ ಸುರಿದು ಅವನ್ನು ಎಬ್ಬಿಸಿತು. ಐಐಟಿ ಮದ್ರಾಸ್‌ನ ತಾಂತ್ರಿಕ ಮಾರ್ಗದರ್ಶನದಲ್ಲಿ ಲಾರ್ಸೆನ್ ಆಂಡ್ ಟೂಬ್ರೊ ಸಂಸ್ಥೆ ಒಂದೂವರೆ ತಿಂಗಳೊಳಗೆ ಇದನ್ನು ಮುಗಿಸಿತು.

ಇಂಥ ಕಟ್ಟಡಗಳ ವಿಡಿಯೊ ಹರಿದಾಡುವಾಗ ಜೊತೆಗೊಂದು ಮಾತೂ ಬರುತ್ತದೆ: ‘ವೇಗ, ಅಗ್ಗ, ಪರಿಸರಸ್ನೇಹಿ’. ವೇಗ ಕಣ್ಣಿಗೆ ಕಾಣುತ್ತದೆ. ಬೆಲೆಯನ್ನು ಲೆಕ್ಕ ಹಾಕಬಹುದು. ಮೂರನೆಯ ಮಾತನ್ನು ಮಾತ್ರ ಯಾರೂ ಪ್ರಶ್ನಿಸುವುದಿಲ್ಲ. ಆರ್ಕಿಟೆಕ್ಚರ್ ಓದುವವರು ತಮ್ಮ ಪ್ರಾಜೆಕ್ಟ್ ವರದಿಯಲ್ಲಿ ‘ಸುಸ್ಥಿರ ವಿನ್ಯಾಸ’ ಎಂದು ಬರೆಯುವ ಮೊದಲು, ಮನೆ ಕಟ್ಟಿಸುವವರು ಆ ಮಾತಿಗೆ ಹಣ ಕೊಡುವ ಮೊದಲು, ಅದು ಎಷ್ಟು ನಿಜ ಎಂದು ನೋಡೋಣ.

ಚುಟುಕು ಉತ್ತರ: ಯಂತ್ರ ಬಳಸಿದ ಮಾತ್ರಕ್ಕೆ ಕಟ್ಟಡ ಪರಿಸರಸ್ನೇಹಿ ಆಗುವುದಿಲ್ಲ. ಯಂತ್ರದೊಳಗೆ ಏನು ಹಾಕಿದಿರಿ, ಎಷ್ಟು ಹಾಕಿದಿರಿ, ಕಟ್ಟಿದ್ದು ಎಷ್ಟು ವರ್ಷ ಬಾಳುತ್ತದೆ ಎಂಬುದೇ ಮುಖ್ಯ.

ಡಿಜಿಟಲ್ ಫ್ಯಾಬ್ರಿಕೇಷನ್ ಎಂದರೇನು?

ಕಂಪ್ಯೂಟರಿನಲ್ಲಿ ಬಿಡಿಸಿದ ನಕ್ಷೆಯನ್ನು ಯಂತ್ರವೇ ನೇರವಾಗಿ ಓದಿ ವಸ್ತುವನ್ನು ತಯಾರಿಸುವುದಕ್ಕೆ ಡಿಜಿಟಲ್ ಫ್ಯಾಬ್ರಿಕೇಷನ್ ಎನ್ನುತ್ತಾರೆ. ಇದರಲ್ಲಿ ಮುಖ್ಯವಾಗಿ ಮೂರು ಬಗೆ:

• ಕತ್ತರಿಸಿ ಮಾಡುವುದು: ಲೇಸರ್ ಕಟ್ಟರ್ ಅಥವಾ ಸಿಎನ್‌ಸಿ ಯಂತ್ರ ಹಲಗೆಯನ್ನು ಕೊರೆದು ಬೇಕಾದ ಆಕಾರ ತೆಗೆಯುತ್ತದೆ.
• ಸೇರಿಸಿ ಮಾಡುವುದು: ತ್ರೀಡಿ ಪ್ರಿಂಟರ್ ಒಂದರ ಮೇಲೊಂದು ಪದರ ಇಡುತ್ತಾ ಹೋಗುತ್ತದೆ.
• ಜೋಡಿಸಿ ಮಾಡುವುದು: ರೋಬಾಟ್ ತೋಳು ಇಟ್ಟಿಗೆ, ಮರದ ಪಟ್ಟಿ ಮುಂತಾದವನ್ನು ಕರಾರುವಾಕ್ಕಾಗಿ ಇಡುತ್ತದೆ.

ಇದು ದೊಡ್ಡ ಕಾರ್ಖಾನೆಗಳಿಗೆ ಮಾತ್ರ ಸೀಮಿತವಾದ ವಿದ್ಯೆಯಲ್ಲ. ಅಮೆರಿಕದ ಎಂಐಟಿಯಲ್ಲಿ ಪ್ರೊ. ನೀಲ್ ಗರ್ಶನ್‌ಫೆಲ್ಡ್ ಅವರ ನೇತೃತ್ವದಲ್ಲಿ ಹುಟ್ಟಿದ ‘ಫ್ಯಾಬ್ ಲ್ಯಾಬ್’ ಎಂಬ ಸಾರ್ವಜನಿಕ ಕಾರ್ಯಾಗಾರದ ಕಲ್ಪನೆ ಎಂಐಟಿಯ ಹೊರಗೆ ಮೊದಲು ಬೇರೂರಿದ ಜಾಗಗಳಲ್ಲಿ ಪುಣೆ ಬಳಿಯ ಪಾಬಳ್ ಗ್ರಾಮದ ವಿಜ್ಞಾನ ಆಶ್ರಮವೂ ಒಂದು. ಅದು 2002ರ ಮಾತು.

ಗೋಡೆ ಮುದ್ರಣವಾಗುವುದು ಹೇಗೆ?

ಚಕ್ಕುಲಿ ಒರಳನ್ನು ನೆನಪಿಸಿಕೊಳ್ಳಿ. ಹಿಟ್ಟು ತೀರಾ ತೆಳುವಾದರೆ ಸುತ್ತು ನಿಲ್ಲದೆ ಹರಡುತ್ತದೆ; ಗಟ್ಟಿಯಾದರೆ ಒರಳಿನಿಂದ ಇಳಿಯುವುದೇ ಇಲ್ಲ, ಇಳಿದರೂ ತುಂಡಾಗುತ್ತದೆ. ಕಾಂಕ್ರೀಟ್ ಪ್ರಿಂಟರಿನ ಕಷ್ಟವೂ ಇದೇ. ಮಿಶ್ರಣ ಪಂಪಿನಲ್ಲಿ ಸರಾಗವಾಗಿ ಸಾಗಬೇಕು, ಮೂತಿಯಿಂದ ಹೊರಬಿದ್ದ ಕೆಲವೇ ನಿಮಿಷಗಳಲ್ಲಿ ಮೇಲಿನ ಪದರದ ಭಾರ ಹೊರುವಷ್ಟು ಬಿಗಿಯಬೇಕು, ಆದರೆ ಮುಂದಿನ ಪದರ ಅಂಟದಷ್ಟು ಒಣಗಲೂಬಾರದು.

ಇಲ್ಲೊಂದು ತಪ್ಪು ಕಲ್ಪನೆಯನ್ನು ಸರಿಪಡಿಸಿಕೊಳ್ಳಬೇಕು. ‘ಮುದ್ರಿತ ಮನೆ’ ಎಂದರೆ ಸಾಮಾನ್ಯವಾಗಿ ಮುದ್ರಿತವಾದದ್ದು ಗೋಡೆ ಮಾತ್ರ. ತಳಪಾಯ, ಸೂರು, ಬಾಗಿಲು-ಕಿಟಕಿ, ವೈರಿಂಗ್, ಪ್ಲಂಬಿಂಗ್ ಬಹುತೇಕ ಹಳೆಯ ರೀತಿಯಲ್ಲೇ ಆಗುತ್ತವೆ. ಹಾಗಾಗಿ ಗೋಡೆಯಲ್ಲಿ ಆದ ಉಳಿತಾಯವನ್ನು ಇಡೀ ಮನೆಯ ಉಳಿತಾಯ ಎಂದು ಹೇಳುವುದು ಸರಿಯಲ್ಲ.

ಹೇಳಿಕೆ 1: ‘ಸಾಮಗ್ರಿ ಕಡಿಮೆ ಬಳಸುವುದರಿಂದ ಮಾಲಿನ್ಯವೂ ಕಡಿಮೆ’

ಇದು ಅರ್ಧ ಸತ್ಯ.

ಮೊದಲು ನಿಜವಾದ ಭಾಗ. ಕಾಂಕ್ರೀಟ್ ಸುರಿಯಲು ಬೇಕಾಗುವ ಸೆಂಟ್ರಿಂಗ್ ಹಲಗೆ ಮುದ್ರಣದಲ್ಲಿ ಬೇಡ. ಬಾಗಿದ ಗೋಡೆಗೆಂದೇ ವಿಶೇಷ ಅಚ್ಚು ಮಾಡಿಸಿ ಆಮೇಲೆ ಎಸೆಯುವ ಪ್ರಮೇಯವಿಲ್ಲ. ಗೋಡೆಯ ಒಳಗೆ ಟೊಳ್ಳು ಬಿಟ್ಟು, ಬೇಕಾದ ಕಡೆ ಮಾತ್ರ ಕಾಂಕ್ರೀಟ್ ಹಾಕಬಹುದು.

ಈಗ ಉಳಿದರ್ಧ. ಸಿಮೆಂಟ್ ತಯಾರಿಸಲು ಸುಣ್ಣದಕಲ್ಲನ್ನು ಸುಮಾರು 1,450 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಡುತ್ತಾರೆ. ಇಂಧನ ಉರಿದಾಗ ಕಾರ್ಬನ್ ಡೈಆಕ್ಸೈಡ್ ಬರುವುದು ಒಂದು ಕಡೆ. ಅದಕ್ಕಿಂತ ಹೆಚ್ಚು ಪ್ರಮಾಣದಲ್ಲಿ ಸುಣ್ಣದಕಲ್ಲೇ ವಿಭಜನೆಯಾಗಿ ಅದನ್ನು ಹೊರಬಿಡುತ್ತದೆ. ಇಂಧನವನ್ನು ಬದಲಿಸಿದರೂ ಈ ಎರಡನೆಯ ಪಾಲು ಹಾಗೆಯೇ ಉಳಿಯುತ್ತದೆ. ಜಗತ್ತಿನ ಒಟ್ಟು ಕಾರ್ಬನ್ ಡೈಆಕ್ಸೈಡ್ ಹೊರಸೂಸುವಿಕೆಯಲ್ಲಿ ಸಿಮೆಂಟಿನ ಪಾಲು ಸುಮಾರು ಶೇ. 7-8.

ಪ್ರಿಂಟರಿನ ಮೂತಿಯಲ್ಲಿ ದಪ್ಪ ಜಲ್ಲಿ ಹಾಯುವುದಿಲ್ಲ. ಆದ್ದರಿಂದ ಮುದ್ರಣಕ್ಕೆ ಬಳಸುವುದು ಹೆಚ್ಚಾಗಿ ನುಣುಪಾದ ಗಾರೆಯಂಥ ಮಿಶ್ರಣ. ಜಲ್ಲಿ ಇಲ್ಲದಿದ್ದಾಗ ಆ ಜಾಗವನ್ನು ಮರಳು ಮತ್ತು ಸಿಮೆಂಟ್ ತುಂಬಬೇಕಾಗುತ್ತದೆ. ಸಾಮಾನ್ಯ ಕಾಂಕ್ರೀಟಿನ ಒಂದು ಘನ ಮೀಟರಿಗೆ 300ರಿಂದ 400 ಕಿಲೋ ಸಿಮೆಂಟ್ ಸಾಕಾದರೆ, ಮುದ್ರಣ ಮಿಶ್ರಣದಲ್ಲಿ ಅದು 500 ಕಿಲೋ ದಾಟುವುದು ಅಪರೂಪವಲ್ಲ.

ಒಂದು ಉದಾಹರಣೆ ಲೆಕ್ಕ ಮಾಡೋಣ. ಒಂದು ಗೋಡೆಗೆ 1 ಘನ ಮೀಟರ್ ಸಾಮಾನ್ಯ ಕಾಂಕ್ರೀಟ್, ಅಂದರೆ 350 ಕಿಲೋ ಸಿಮೆಂಟ್ ಬೇಕು ಎಂದುಕೊಳ್ಳಿ. ಅದೇ ಗೋಡೆಯನ್ನು ಮುದ್ರಿಸಿದಾಗ ಕಾಂಕ್ರೀಟ್ ಶೇ. 30ರಷ್ಟು ಉಳಿಯಿತು; ಆದರೆ ಆ ಮಿಶ್ರಣದಲ್ಲಿ ಘನ ಮೀಟರಿಗೆ 550 ಕಿಲೋ ಸಿಮೆಂಟ್ ಇದೆ. 0.7ನ್ನು 550ರಿಂದ ಗುಣಿಸಿದರೆ 385 ಕಿಲೋ. ಕಾಂಕ್ರೀಟ್ ಕಡಿಮೆಯಾಯಿತು, ಸಿಮೆಂಟ್ ಹೆಚ್ಚಾಯಿತು! ಉಳಿತಾಯ ಶೇ. 50 ಆದರೆ ಅದು 275 ಕಿಲೋಗೆ ಇಳಿದು ಲಾಭ ಕಾಣಿಸುತ್ತದೆ. ಆದ್ದರಿಂದ ‘ಶೇ. 30 ಕಡಿಮೆ ಸಾಮಗ್ರಿ’ ಎಂದು ಯಾರಾದರೂ ಹೇಳಿದರೆ, ‘ಯಾವ ಸಾಮಗ್ರಿ?’ ಎಂದು ಕೇಳಿ.

ಇದಕ್ಕೆ ಪರಿಹಾರಗಳೂ ಇವೆ. ಹಾರುಬೂದಿ, ಉಕ್ಕಿನ ಕಾರ್ಖಾನೆಯ ಸ್ಲ್ಯಾಗ್ ಬೆರೆಸಿ ಸಿಮೆಂಟ್ ಕಡಿಮೆ ಮಾಡಬಹುದು. ಐಐಟಿ ದೆಹಲಿ, ಐಐಟಿ ಮದ್ರಾಸ್ ಕೂಡ ಪಾಲ್ಗೊಂಡು ಬೆಳೆಸಿದ ‘ಎಲ್‌ಸಿ3’ ಎಂಬ ಸಿಮೆಂಟ್, ಸುಟ್ಟ ಜೇಡಿಮಣ್ಣು ಮತ್ತು ಸುಡದ ಸುಣ್ಣದಕಲ್ಲಿನ ಪುಡಿಯನ್ನು ಬಳಸಿ ಹೊರಸೂಸುವಿಕೆಯನ್ನು ಶೇ. 40ರವರೆಗೆ ತಗ್ಗಿಸುತ್ತದೆ.

ನಿಜವಾದ ಲಾಭ ಇರುವುದು ಆಕಾರದಲ್ಲಿ

ಕಾಂಕ್ರೀಟ್ ಒತ್ತಡವನ್ನು ಚೆನ್ನಾಗಿ ತಡೆಯುತ್ತದೆ, ಎಳೆತವನ್ನು ತಡೆಯುವುದಿಲ್ಲ. ಚಪ್ಪಟೆ ಸ್ಲ್ಯಾಬಿನ ತಳಭಾಗದಲ್ಲಿ ಎಳೆತ ಹುಟ್ಟುವುದರಿಂದಲೇ ಅಲ್ಲಿ ಕಬ್ಬಿಣದ ಸರಳು ಹಾಕುತ್ತೇವೆ. ಕಮಾನಿನ ಆಕಾರ ಕೊಟ್ಟರೆ ಭಾರವೆಲ್ಲ ಒತ್ತಡವಾಗಿ ಕೆಳಗಿಳಿಯುತ್ತದೆ. ಆರ್‌ಸಿಸಿ ಎಂಬುದೇ ಇಲ್ಲದ 17ನೇ ಶತಮಾನದಲ್ಲಿ ವಿಜಯಪುರದ ಗೋಲ್ ಗುಂಬಜ್ ಅಷ್ಟು ದೊಡ್ಡ ಗುಮ್ಮಟವನ್ನು ಹೊತ್ತು ನಿಂತದ್ದು ಇದೇ ತತ್ವದಿಂದ.

ಇಂಥ ಬಾಗುಗಳನ್ನು ಇಂದು ಸೆಂಟ್ರಿಂಗ್ ಹಾಕಿ ಕಟ್ಟುವುದು ದುಬಾರಿ. ಪ್ರಿಂಟರಿಗೆ ಮಾತ್ರ ನೇರ ಗೆರೆಯೂ ಬಾಗಿದ ಗೆರೆಯೂ ಒಂದೇ. 2021ರಲ್ಲಿ ವೆನಿಸ್‌ನಲ್ಲಿ ನಿಂತ ‘ಸ್ಟ್ರಯಾಟಸ್’ ಎಂಬ ಕಾಲುಸೇತುವೆಯನ್ನು ಇಟಿಎಚ್ ಜ್ಯೂರಿಕ್‌ನ ಸಂಶೋಧಕರು ಮತ್ತು ಜಹಾ ಹದೀದ್ ಆರ್ಕಿಟೆಕ್ಟ್ಸ್ ತಂಡ ವಿನ್ಯಾಸ ಮಾಡಿದವು. ಅದರ 53 ಮುದ್ರಿತ ಕಾಂಕ್ರೀಟ್ ಬ್ಲಾಕುಗಳ ಒಳಗೆ ಕಬ್ಬಿಣದ ಸರಳಿಲ್ಲ, ಅವುಗಳ ನಡುವೆ ಗಾರೆಯೂ ಇಲ್ಲ. ಬಿಚ್ಚಿ ಮತ್ತೆ ಜೋಡಿಸಬಹುದು. ಯಂತ್ರದಿಂದ ಪರಿಸರಕ್ಕೆ ಆಗುವ ಉಪಕಾರ ಇಂಥದ್ದು. ನೇರ ಇಟ್ಟಿಗೆ ಗೋಡೆಯನ್ನೇ ಪ್ರಿಂಟರಿನಲ್ಲಿ ಅನುಕರಿಸಿದರೆ ಅದು ಸಿಗುವುದಿಲ್ಲ.

ಮಣ್ಣನ್ನೇ ಮುದ್ರಿಸಿದರೆ?

ಇಟಲಿಯ ವಾಸ್ಪ್ ಸಂಸ್ಥೆ 2018ರಲ್ಲಿ ‘ಗಾಯಾ’ ಎಂಬ ಪುಟ್ಟ ಮನೆಯ ಗೋಡೆಗಳನ್ನು ಮುದ್ರಿಸಿತು. ಮಿಶ್ರಣದಲ್ಲಿ ಸ್ಥಳೀಯ ಮಣ್ಣು ಶೇ. 25, ಭತ್ತದ ಹುಲ್ಲು ಶೇ. 40, ಭತ್ತದ ಹೊಟ್ಟು ಶೇ. 25, ಸುಣ್ಣ ಶೇ. 10. ನಮ್ಮ ಹಳ್ಳಿಗಳಲ್ಲಿ ಮಣ್ಣಿಗೆ ಹುಲ್ಲು ಬೆರೆಸಿ ತುಳಿದು ಗೋಡೆ ಏರಿಸುತ್ತಿದ್ದ ಕ್ರಮವೇ ಇಲ್ಲಿ ಯಂತ್ರದ ಮೂತಿಗೆ ಹೊಂದಿಕೊಂಡಿದೆ. 2021ರಲ್ಲಿ ಅದೇ ಸಂಸ್ಥೆ ವಾಸ್ತುಶಿಲ್ಪಿ ಮಾರಿಯೊ ಕುಚಿನೆಲ್ಲಾ ಅವರ ಜೊತೆ ಸೇರಿ ‘ಟೆಕ್ಲಾ’ ಕಟ್ಟಿತು: ಸುಮಾರು 200 ಗಂಟೆಗಳ ಮುದ್ರಣ, 350 ಪದರ.

2022ರ ‘ಟೋವಾ’ ವಿದ್ಯಾರ್ಥಿಗಳ ಪಾಲಿಗೆ ಇನ್ನೂ ಹತ್ತಿರದ ಉದಾಹರಣೆ. ಬಾರ್ಸಿಲೋನಾದ ಉನ್ನತ ವಾಸ್ತುಶಿಲ್ಪ ಸಂಸ್ಥೆ ಐಎಎಸಿಯ ವಿದ್ಯಾರ್ಥಿಗಳು ಮತ್ತು ಸಂಶೋಧಕರು ನಗರದ ಹೊರವಲಯದ ಕಾಡಿನ ಕ್ಯಾಂಪಸ್ಸಿನಲ್ಲಿ, ಅಲ್ಲಿನದೇ ಮಣ್ಣಿನಿಂದ, ಏಳು ವಾರಗಳಲ್ಲಿ ಇದನ್ನು ಮುಗಿಸಿದರು. ಸೂರು ಮರದ್ದು. ಮಳೆಗೆ ಗೋಡೆ ಕರಗದಂತೆ ಲೋಳೆಸರ ಮತ್ತು ಮೊಟ್ಟೆಯ ಬಿಳಿಭಾಗದ ಲೇಪನ ಕೊಟ್ಟರು.

ಆದರೆ ಮಣ್ಣಿನ ಮನೆಗೆ ಪ್ರಿಂಟರೇ ಬೇಕೆಂದಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ‘ಅಸ್ತ್ರ’ ಕೇಂದ್ರದಲ್ಲಿ ಪ್ರೊ. ಕೆ.ಎಸ್. ಜಗದೀಶ್ ಮತ್ತು ಸಂಗಡಿಗರು, ಮಣ್ಣಿಗೆ ಅಲ್ಪ ಸಿಮೆಂಟ್ ಬೆರೆಸಿ ಕೈಯಂತ್ರದಲ್ಲಿ ಒತ್ತಿ ಮಾಡುವ ಬ್ಲಾಕುಗಳನ್ನು ರೂಢಿಗೆ ತಂದರು. ಸುಟ್ಟ ಇಟ್ಟಿಗೆಗೆ ಹೋಲಿಸಿದರೆ ಇವುಗಳಿಗೆ ಬೇಕಾಗುವ ಶಕ್ತಿ ಶೇ. 60-70ರಷ್ಟು ಕಡಿಮೆ. ಪ್ರಿಂಟರಿನ ಮಣ್ಣಿನ ಗೋಡೆಯನ್ನು ಸಿಮೆಂಟ್ ಗೋಡೆಯ ಜೊತೆ ಮಾತ್ರವಲ್ಲ, ಈ ಬ್ಲಾಕಿನ ಜೊತೆಗೂ ಹೋಲಿಸಬೇಕು. ಆಗಲೇ ಅದು ನ್ಯಾಯವಾದ ಪರೀಕ್ಷೆ.

ಹೇಳಿಕೆ 2: ‘ಪಿಎಲ್‌ಎ ಮಾದರಿಗಳು ಮಣ್ಣಿನಲ್ಲಿ ಕರಗಿಹೋಗುತ್ತವೆ’

ಕಾಲೇಜುಗಳಲ್ಲಿ ಕಟ್ಟಡದ ಮಾದರಿ ಮುದ್ರಿಸಲು ಹೆಚ್ಚಾಗಿ ಬಳಸುವುದು ಪಿಎಲ್‌ಎ ಎಂಬ ಪ್ಲಾಸ್ಟಿಕ್. ಅದು ಮೆಕ್ಕೆಜೋಳ, ಕಬ್ಬಿನಂಥ ಬೆಳೆಗಳಿಂದ ಬರುತ್ತದೆ ಎಂಬುದು ನಿಜ. ಆದರೆ ಅದು ಕೊಳೆಯಲು ಕೈಗಾರಿಕಾ ಗೊಬ್ಬರ ಘಟಕದಲ್ಲಿರುವಂತೆ ಸುಮಾರು 60 ಡಿಗ್ರಿ ಉಷ್ಣತೆ, ತೇವ, ಸೂಕ್ಷ್ಮಜೀವಿಗಳು ಎಲ್ಲವೂ ಒಟ್ಟಿಗೆ ಬೇಕು. ಹಿತ್ತಲಿನ ತಿಪ್ಪೆಯಲ್ಲಿ, ಕೆರೆಯಲ್ಲಿ ಅದು ವರ್ಷಗಟ್ಟಲೆ ಹಾಗೇ ಉಳಿಯುತ್ತದೆ. ಕೆಟ್ಟುಹೋದ ಪ್ರಿಂಟುಗಳನ್ನು ಹಸಿ ಕಸಕ್ಕೆ ಹಾಕಬೇಡಿ.

ಆರೋಗ್ಯದ ಕಡೆಗೂ ಗಮನವಿರಲಿ

• ಲೇಸರ್ ಕಟ್ಟರಿನಲ್ಲಿ ಪಿವಿಸಿ ಅಥವಾ ರೆಕ್ಸಿನ್ ಕತ್ತರಿಸಲೇಬೇಡಿ. ಹೊರಬರುವ ಹೈಡ್ರೋಜನ್ ಕ್ಲೋರೈಡ್ ಅನಿಲ ಶ್ವಾಸಕೋಶವನ್ನು ಸುಡುತ್ತದೆ, ಯಂತ್ರಕ್ಕೂ ತುಕ್ಕು ಹಿಡಿಸುತ್ತದೆ.
• ಎಂಡಿಎಫ್ ಹಲಗೆಯ ಅಂಟಿನಲ್ಲಿ ಫಾರ್ಮಾಲ್ಡಿಹೈಡ್ ಇರುತ್ತದೆ. ಕೊರೆಯುವಾಗ ಮಾಸ್ಕ್ ಮತ್ತು ದೂಳು ಹೀರುವ ವ್ಯವಸ್ಥೆ ಬೇಕು.
• ತ್ರೀಡಿ ಪ್ರಿಂಟರ್ ಓಡುವಾಗ ಅತಿಸೂಕ್ಷ್ಮ ಕಣಗಳು ಹೊಮ್ಮುತ್ತವೆ. ಎಬಿಎಸ್ ಪ್ಲಾಸ್ಟಿಕ್ ಬಳಸಿದರೆ ಸ್ಟೈರೀನ್ ಆವಿಯೂ ಸೇರುತ್ತದೆ. ಮಲಗುವ ಕೋಣೆಯಲ್ಲಿ ಪ್ರಿಂಟರ್ ಇಟ್ಟು ರಾತ್ರಿಯಿಡೀ ಓಡಿಸಬೇಡಿ.
• ಹಸಿ ಸಿಮೆಂಟ್ ತೀವ್ರ ಕ್ಷಾರ. ಬರಿಗೈಯಲ್ಲಿ ಮುಟ್ಟಿದರೆ ಚರ್ಮ ಸುಡಬಹುದು.

ಹಾಗಾದರೆ ಏನು ಕೇಳಬೇಕು?

‘ಪರಿಸರಸ್ನೇಹಿ ಮುದ್ರಿತ ಕಟ್ಟಡ’ ಎಂಬ ಮಾತು ಕಂಡಾಗ, ಅದು ನಿಮ್ಮದೇ ಪ್ರಾಜೆಕ್ಟ್ ಆಗಿದ್ದರೂ, ಈ ಐದು ಪ್ರಶ್ನೆಗಳನ್ನು ಕೇಳಿ:

1. ಮಿಶ್ರಣದ ಘನ ಮೀಟರಿಗೆ ಎಷ್ಟು ಕಿಲೋ ಸಿಮೆಂಟ್ ಹೋಗಿದೆ?
2. ಲೆಕ್ಕ ಗೋಡೆಯದ್ದೋ, ತಳಪಾಯ-ಸೂರು ಸೇರಿದ ಇಡೀ ಕಟ್ಟಡದ್ದೋ?
3. ಹೋಲಿಕೆ ಯಾವುದರ ಜೊತೆ? ಆ ಊರಿನಲ್ಲಿ ಸಿಗುವ ಕಲ್ಲು, ಮಣ್ಣಿನ ಬ್ಲಾಕಿನ ಜೊತೆ ಹೋಲಿಸಿದ್ದಾರೆಯೇ?
4. ಗೋಡೆ ಬಿಸಿಲನ್ನು ಎಷ್ಟು ತಡೆಯುತ್ತದೆ? ಕಟ್ಟುವಾಗ ಉಳಿಸಿದ್ದನ್ನು ಇಪ್ಪತ್ತು ವರ್ಷ ಎಸಿ ಓಡಿಸಿ ಕಳೆದರೆ ಏನು ಬಂತು?
5. ಬಿರುಕು ಬಿಟ್ಟರೆ ಸ್ಥಳೀಯ ಮೇಸ್ತ್ರಿ ರಿಪೇರಿ ಮಾಡಬಲ್ಲರೇ? ಒಡೆದಾಗ ಸಾಮಗ್ರಿ ಮತ್ತೆ ಬಳಕೆಗೆ ಬರುತ್ತದೆಯೇ?

ಇವಕ್ಕೆ ಅಂಕಿಗಳಲ್ಲಿ ಉತ್ತರ ಸಿಕ್ಕರೆ ‘ಪರಿಸರಸ್ನೇಹಿ’ ಎಂಬ ಮಾತನ್ನು ನಂಬಬಹುದು. ಸಿಗದಿದ್ದರೆ ಅದನ್ನು ಸದ್ಯಕ್ಕೆ ಜಾಹೀರಾತು ಎಂದೇ ತಿಳಿಯಿರಿ.